ನಿಮಿಷಕ್ಕೆ 26

ಮಲಗಿರುವ ನಾಯಿಯ ಉಸಿರು ಎಣಿಸುವುದು ಹೇಗೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂರಬೇಕು, ಮುಟ್ಟಬಾರದು. ಪಕ್ಕೆ ಒಂದು ಸಲ ಉಬ್ಬಿ ಇಳಿದರೆ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬೇಕು. ಕನಸಲ್ಲಿ ಕಾಲು ಝಾಡಿಸುತ್ತಿದ್ದರೆ ಆ ಲೆಕ್ಕ ಬಿಡಬೇಕು. ಸುಮ್ಮನಾದ ಮೇಲೆ ಮತ್ತೆ ಒಂದರಿಂದ ಶುರು.

ಗಾಢ ನಿದ್ದೆಯಲ್ಲಿ ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ಅದು ದಾಟಿ ಏರುತ್ತಾ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು, ತಡಮಾಡದೆ ಫೋನ್ ಮಾಡಿ ಅಂತ ಡಾಕ್ಟರು ಹೇಳಿದ್ದರು. ಆ ಮುದಿ ನಾಯಿ ನಮ್ಮ ಮನೆಗೆ ಬಂದ ಮೊದಲ ರಾತ್ರಿ ನಾನು ಎಣಿಸಿದ್ದು 26. ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಎಣಿಸಿದೆ. 26. ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದೆ. ಆಮೇಲೆ ಏಳು ತಿಂಗಳು ಅದೇ ಅಂಚಿನಲ್ಲಿ ಬರೆಯುತ್ತಾ ಹೋದೆ.

ನಾಯಿಗಳನ್ನು ರಕ್ಷಿಸುವ ಒಂದು ಗುಂಪಿನಿಂದ ಮೆಸೇಜ್ ಬಂದಿತ್ತು. ‘ಗಂಡು. ವಯಸ್ಸು 12ರ ಆಸುಪಾಸು. ತೂಕ 8 ಕೆಜಿ. ಹಾರ್ಟ್ ಪ್ರಾಬ್ಲಮ್, ಕಿಡ್ನಿನೂ ಸ್ವಲ್ಪ. ಕಿವಿ ಕೇಳಲ್ಲ. ತುಂಬಾ ಸಾಧು. ಎರಡು ವಾರ ಇಟ್ಕೊಂಡ್ರೆ ಸಾಕು, ಅಷ್ಟರಲ್ಲಿ ಬೇರೆ ಜಾಗ ನೋಡ್ತೀವಿ.’ ಈ ಥರದ ಮೆಸೇಜ್‌ಗಳನ್ನು ಓದುವುದಕ್ಕೂ ಒಂದು ಅಭ್ಯಾಸ ಬೇಕು. ‘12ರ ಆಸುಪಾಸು’ ಅಂದರೆ ಹಲ್ಲು ನೋಡಿ ಹೇಳಿದ ಅಂದಾಜು. ಮರಿಗಳ ವಯಸ್ಸು ಹಲ್ಲಿನಿಂದ ಸರಿಯಾಗಿ ಸಿಗುತ್ತದೆ, ಮುದಿ ನಾಯಿಗಳದ್ದು ಹತ್ತೂ ಇರಬಹುದು, ಹದಿನಾಲ್ಕೂ ಇರಬಹುದು. ‘ತುಂಬಾ ಸಾಧು’ ಅಂದರೆ ತಂಟೆ ಮಾಡುವಷ್ಟು ಶಕ್ತಿ ಉಳಿದಿಲ್ಲ. ‘ಎರಡು ವಾರ’ ಅಂದರೆ ಏನು ಅಂತ ನಿಮಗೆ ಆಗಲೇ ಗೊತ್ತಾಗಿರಬೇಕು.

ಅಮ್ಮ ಒಂದೇ ಪ್ರಶ್ನೆ ಕೇಳಿದಳು. “ಎಷ್ಟು ದಿನ ಸಾಕ್ತೀಯ?”

“ಸಾಕು ಅನ್ನೋವರೆಗೆ.”

“ಯಾರು ಅನ್ನೋವರೆಗೆ? ಅವನಾ, ನೀನಾ?”

ಮಾತಿಗೆ ಮಾತು ಸೇರಿಸುವುದು ಅಮ್ಮನ ಹಳೇ ಚಾಳಿ. ನಕ್ಕು ಸುಮ್ಮನಾದೆ.

ಅವನಿಗೆ ಒಂದು ಹೆಸರಿತ್ತು, ಖಂಡಿತ. ಯಾರೋ ಒಬ್ಬರು ಹತ್ತು ಹನ್ನೆರಡು ವರ್ಷ ಆ ಹೆಸರು ಕೂಗಿದ್ದಾರೆ. ನಮಗೆ ಅದು ಗೊತ್ತಿಲ್ಲ, ಕೂಗಿ ನೋಡೋಣ ಅಂದರೆ ಅವನಿಗೆ ಕೇಳಿಸುವುದಿಲ್ಲ. ಎರಡನೇ ದಿನ ಅಮ್ಮನ ಕುರ್ಚಿಯ ಮುಂದೆ ಬಂದು, ಎದ್ದೇಳು ಅನ್ನುವ ಹಾಗೆ ನಿಂತ. ಅಮ್ಮ “ಆಯ್ತು ಯಜಮಾನ್ರೇ” ಅಂತ ಎದ್ದಳು. ಅವತ್ತಿನಿಂದ ಯಜಮಾನ. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಪದ ಯಾರೂ ಬಳಸಿರಲಿಲ್ಲ.

ಕಿವಿ ಕೇಳದ ನಾಯಿಯನ್ನು ಹಿಂದಿನಿಂದ ಹೋಗಿ ಮುಟ್ಟಬಾರದು. ಬೆಚ್ಚಿ ಬಿದ್ದು ಬಾಯಿ ಹಾಕಬಹುದು, ಅದು ಅದರ ತಪ್ಪಲ್ಲ. ನೆಲ ತಟ್ಟಬೇಕು. ಪಾದದಿಂದ ಎರಡು ಸಲ ಜೋರಾಗಿ ತಟ್ಟಿದರೆ ಆ ಅದುರು ಅದರ ಮೈಗೆ ಗೊತ್ತಾಗುತ್ತದೆ, ತಲೆ ಎತ್ತುತ್ತದೆ. ಮಂಡಿ ನೋವಿರುವ ಅಮ್ಮ ಪಾದ ತಟ್ಟುವ ಬದಲು ಊರುಗೋಲಿನಿಂದ ಟಕ್ ಟಕ್ ಮಾಡುತ್ತಿದ್ದಳು. ಯಜಮಾನನಿಗೆ ಅದು ಅಮ್ಮನ ಸದ್ದು. ಸದ್ದು ಅನ್ನಬಹುದೋ ಇಲ್ಲವೋ, ನೆಲದಿಂದ ಬರುವ ಒಂದು ಸುದ್ದಿ ಅಂತ ಇಟ್ಟುಕೊಳ್ಳಿ.

ಕಣ್ಣು ನೀಲಿ ಮಂಜು ಕವಿದ ಹಾಗಿತ್ತು. ಪೂರ್ತಿ ಕುರುಡು ಅಂದುಕೊಂಡಿದ್ದೆ. ಹಾಗಲ್ಲವಂತೆ. ವಯಸ್ಸಾದ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗಿ ಆ ನೀಲಿ ಛಾಯೆ ಬರುತ್ತದೆ, ಅದು ಪೊರೆ ಅಲ್ಲ, ನೋಟಕ್ಕೆ ಜಾಸ್ತಿ ಅಡ್ಡಿಯೂ ಇಲ್ಲ. ಅವನಿಗೆ ದೊಡ್ಡ ಕಷ್ಟ ಇದ್ದದ್ದು ನೆಲದ್ದು. ನುಣುಪಾದ ಟೈಲ್ಸ್ ಮೇಲೆ ಹಿಂಗಾಲು ಎರಡೂ ಕಡೆಗೆ ಜಾರುತ್ತಿತ್ತು. ಕೀಲು ನೋಯುವ ನಾಯಿಗೆ ಒಂದು ಸಲ ಜಾರಿದರೆ ಸಾಕು, ಮಾರನೇ ದಿನ ಆ ಕಡೆ ತಲೆ ಹಾಕುವುದಿಲ್ಲ. ಮನೆಯಲ್ಲಿದ್ದ ಕಾಲೊರಸು, ಯೋಗ ಮ್ಯಾಟ್, ಹಳೇ ಜಮಖಾನ ಎಲ್ಲ ಸೇರಿಸಿ ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಬಟ್ಟಲಿನಿಂದ ಬಾಗಿಲಿಗೆ ಒಂದು ದಾರಿ ಮಾಡಿದೆವು. ಮನೆ ನೋಡುವುದಕ್ಕೆ ಚೆನ್ನಾಗಿರಲಿಲ್ಲ. ಅವನು ಮಾತ್ರ ಆ ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಲಿಲ್ಲ.

ಹೊಸ ಮನೆಗೆ ಬಂದ ನಾಯಿಗೆ ಗಾಬರಿ ಕಳೆಯಲು 3 ದಿನ, ರೂಢಿಯಾಗಲು 3 ವಾರ, ಇದು ನನ್ನ ಮನೆ ಅಂತ ಅನ್ನಿಸಲು 3 ತಿಂಗಳು ಅಂತ ಈ ಕೆಲಸ ಮಾಡುವವರು ಹೇಳುತ್ತಾರೆ. ಮರಿ ನಾಯಿಗೆ ಅದು ಸರಿ. ಎಷ್ಟು ತಿಂಗಳಿದೆ ಅಂತಲೇ ಗೊತ್ತಿಲ್ಲದ ಮುದುಕ ಅದರಲ್ಲಿ ಮೂರು ತಿಂಗಳನ್ನು ಗೋಡೆ ಬಾಗಿಲು ಕಲಿಯುವುದಕ್ಕೇ ಖರ್ಚು ಮಾಡಬೇಕು. ನೆನೆಸಿಕೊಂಡಾಗ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತಿತ್ತು. ಅದರ ಮೇಲೆ ಅರಳುಮರುಳು ಬೇರೆ. ನಾಯಿಗಳಿಗೂ ಅದು ಬರುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದ. ಬಾಗಿಲು ತೆರೆದುಕೊಳ್ಳುವ ಕಡೆ ಅಲ್ಲ, ಕೀಲು ಇರುವ ಕಡೆ. ಮೂಗನ್ನು ಆ ಸಂದಿಗೆ ಒತ್ತಿ, ಯಾರಾದರೂ ತೆಗೆಯುತ್ತಾರೆ ಅಂತ ಕಾಯುತ್ತಾ. ನಾನು ಬಾಗಿಲು ಪೂರ್ತಿ ತೆಗೆದರೂ ಅವನಿಗೆ ದಾರಿ ಕಾಣುತ್ತಿರಲಿಲ್ಲ. ಎದೆಯ ಕೆಳಗೆ ಕೈ ಕೊಟ್ಟು ಮೆಲ್ಲಗೆ ತಿರುಗಿಸಬೇಕಿತ್ತು.

ಡಾಕ್ಟರು ಒಂದು ದಿನ ತಮ್ಮ ಸ್ಟೆತಸ್ಕೋಪನ್ನು ನನ್ನ ಕಿವಿಗೆ ಕೊಟ್ಟರು. ಲಬ್-ಡಬ್ ಕೇಳಿಸಬೇಕಾದ ಕಡೆ ಶ್ಶ್... ಶ್ಶ್... ಅಂತ ನಲ್ಲಿ ಸೋರುವ ಹಾಗೆ. ಹೃದಯದ ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಮೈಟ್ರಲ್ ಕವಾಟ ಅಂತ ಒಂದು ಬಾಗಿಲಿದೆ. ಸಣ್ಣ ಜಾತಿಯ ನಾಯಿಗಳಿಗೆ ವಯಸ್ಸಾದ ಹಾಗೆ ಆ ಬಾಗಿಲು ದಪ್ಪವಾಗಿ, ಸೊಟ್ಟಗಾಗಿ, ಸರಿಯಾಗಿ ಮುಚ್ಚುವುದಿಲ್ಲ. ಒತ್ತಿದ ರಕ್ತ ಸ್ವಲ್ಪ ಹಿಂದಕ್ಕೆ ನುಗ್ಗುತ್ತದೆ. ಹೃದಯ ಹಿಗ್ಗುತ್ತದೆ. ಕೊನೆಗೆ ಒತ್ತಡ ಶ್ವಾಸಕೋಶದವರೆಗೂ ಹೋಗಿ ಅಲ್ಲಿ ನೀರು ಒಸರುತ್ತದೆ. ನಾಯಿಗಳ ಹೃದಯದ ಕಾಯಿಲೆಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ.

2016ರಲ್ಲಿ ಹೊರಬಂದ ಒಂದು ಅಧ್ಯಯನದ ಬಗ್ಗೆಯೂ ಅವರೇ ಹೇಳಿದ್ದು. ಹೃದಯ ಹಿಗ್ಗಿದೆ ಆದರೆ ಇನ್ನೂ ಸೋತಿಲ್ಲ ಅನ್ನುವ ಹಂತದ 360 ನಾಯಿಗಳನ್ನು ನೋಡಿದ್ದರು. ಆ ಹಂತದಲ್ಲೇ ಪಿಮೊಬೆಂಡನ್ ಅನ್ನುವ ಮಾತ್ರೆ ಶುರು ಮಾಡಿದರೆ ಹೃದಯ ಸೋಲುವುದು ಸರಾಸರಿ 15 ತಿಂಗಳಷ್ಟು ಮುಂದಕ್ಕೆ ಹೋಗಿತ್ತು. ಹದಿನೈದು ತಿಂಗಳು! ನಮ್ಮ ಯಜಮಾನ ನಮ್ಮಲ್ಲಿಗೆ ಬರುವಾಗಲೇ ಆ ಹಂತ ದಾಟಿದ್ದ. ಅವನ ಮೊದಲಿನ ಮನೆಯವರ ಮೇಲೆ ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆಮ್ಮುತ್ತಿದ್ದಾಗ ಯಾರೂ ನೋಡಲಿಲ್ಲವಾ? ನೋಡಿಯೂ ಬಿಟ್ಟರಾ?

ಆ ಸಿಟ್ಟು ಜಾಸ್ತಿ ದಿನ ಉಳಿಯಲಿಲ್ಲ. ಕಾರಣ ಅವನ ಬಲಗಾಲು.

ಊಟದ ಬಟ್ಟಲು ಹಿಡಿದು ನಾನು ಮುಂದೆ ಬಗ್ಗಿದರೆ ಅವನು ಕೂರುತ್ತಿದ್ದ. ಹಿಂಗಾಲು ನೋಯುತ್ತಿದ್ದರಿಂದ ಕೂರುವುದೇ ಒಂದು ದೊಡ್ಡ ಕೆಲಸ. ಮೊದಲು ಹಿಂದಕ್ಕೆ ವಾಲಿ, ಜಾಗ ಅಂದಾಜು ಮಾಡಿ, ದೊಪ್ಪಂತ. ಆಮೇಲೆ ಮುಂದಿನ ಬಲಗಾಲನ್ನು ಎತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದ. ನಾನು ಕೈ ಕೊಡುವವರೆಗೂ ಇಳಿಸುತ್ತಿರಲಿಲ್ಲ. ಆ ಪಾದದ ಅಡಿ ಒಣಗಿದ ಚರ್ಮದ ಹಾಗೆ ಒರಟು, ಬೆರಳುಗಳ ಸಂದಿಯಲ್ಲಿ ಒಂದಿಷ್ಟು ಬಿಳಿ ಕೂದಲು. ಕೈಯಲ್ಲಿ ಹಿಡಿದರೆ ಸಣ್ಣಗೆ ನಡುಗುತ್ತಿತ್ತು. ಕೈ ಕುಲುಕಿ ಬಿಟ್ಟ ಮೇಲೆ ಊಟ. ಇದನ್ನು ಯಾರೋ ಕೂತು ಕಲಿಸಿದ್ದಾರೆ. ಮರಿ ಇದ್ದಾಗ, ತಾಳ್ಮೆಯಿಂದ, ಎಷ್ಟೋ ಸಲ. ಕಲಿಸಿದವರು ತೀರಿಕೊಂಡಿರಬಹುದು. ಮಕ್ಕಳು ಬೇಡ ಅಂದಿರಬಹುದು. ಔಷಧಿಗೆ ದುಡ್ಡಿಲ್ಲದೆ ಇದ್ದಿರಬಹುದು. ನಿಜವಾಗಲೂ ಬಿಟ್ಟು ಹೋದರೋ ಏನೋ. ಆ ಕಾಲು ಹಿಡಿದುಕೊಂಡು ಸಿಟ್ಟು ಇಟ್ಟುಕೊಳ್ಳುವುದು ಕಷ್ಟವಾಯಿತು.

ಮಾತ್ರೆಗಳ ಕಥೆ ಬರೆದರೆ ಅದೇ ಒಂದು ಪುಸ್ತಕವಾಗುತ್ತದೆ. ಪಿಮೊಬೆಂಡನ್ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಒಂದು ಗಂಟೆ ಮುಂಚೆ, ದಿನಕ್ಕೆ ಎರಡು ಸಲ, 12 ಗಂಟೆ ಅಂತರದಲ್ಲಿ. ನೀರು ಇಳಿಸುವುದಕ್ಕೆ ಫ್ಯೂರೋಸೆಮೈಡ್. ಕೀಲು ನೋವಿಗೆ ಗ್ಯಾಬಪೆಂಟಿನ್. ಸಾಮಾನ್ಯವಾಗಿ ಕೊಡುವ ನೋವಿನ ಮಾತ್ರೆ ಕಿಡ್ನಿಗೆ ಭಾರ ಅಂತ ಇದು. ಯಜಮಾನ ಊಟದಲ್ಲಿ ಬಚ್ಚಿಟ್ಟ ಮಾತ್ರೆಯನ್ನು ಬಿಟ್ಟು ಮಿಕ್ಕಿದ್ದೆಲ್ಲ ತಿಂದು, ಮಾತ್ರೆಯನ್ನು ಫಳಫಳ ಅನ್ನುವ ಹಾಗೆ ನೆಕ್ಕಿ ಬಟ್ಟಲಿನ ಅಂಚಿನಲ್ಲಿ ಇಟ್ಟು ಹೋಗುತ್ತಿದ್ದ. ಕೊನೆಗೆ ಫಲಿಸಿದ ಉಪಾಯ ಇದು: ಮೂರು ಉಂಡೆ. ಮೊದಲನೆಯದು ಬರೀ ಉಂಡೆ, ನಂಬಿಕೆ ಬರುವುದಕ್ಕೆ. ಎರಡನೆಯದರಲ್ಲಿ ಮಾತ್ರೆ. ಅದು ಬಾಯಿಗೆ ಹೋಗುವ ಹೊತ್ತಿಗೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಬೇಕು. ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾನೆ. ಇಷ್ಟು ಹೊತ್ತೂ ಅಮ್ಮ “ಪಾಪ, ಮೋಸ ಮಾಡ್ತಿದೀಯಲ್ಲೇ” ಅನ್ನುತ್ತಿರುತ್ತಾಳೆ.

ಒಂದು ಬೆಳಗ್ಗೆ ಅಮ್ಮ ಎರಡು ಸ್ಟ್ರಿಪ್ ಹಿಡಿದು ಬಂದಳು. “ಇದು ನನ್ನ ನೀರಿನ ಮಾತ್ರೆನೇ ಅಲ್ವಾ? ಹೆಸರು ಒಂದೇ ಇದೆ.” ಹೌದು, ಅದೇ ಮಾತ್ರೆ. ಅಮ್ಮನಿಗೆ ಕಾಲು ಊದಿಕೊಳ್ಳುವುದಕ್ಕೆ, ಅವನಿಗೆ ಎದೆಗೆ. ಅವತ್ತಿನಿಂದ ಇಬ್ಬರ ನಡುವೆ ಒಂದು ಒಪ್ಪಂದ ಆದ ಹಾಗಿತ್ತು. ಇಬ್ಬರೂ ಒಂದೇ ಹೊತ್ತಿಗೆ ಮಾತ್ರೆ ತೆಗೆದುಕೊಳ್ಳುವುದು, ಇಬ್ಬರೂ ಒಬ್ಬರ ಹಿಂದೆ ಒಬ್ಬರು ಒಂದಕ್ಕೆ ಹೋಗುವುದು. (ಇಲ್ಲೊಂದು ಮಾತು ಹೇಳಲೇಬೇಕು. ಒಂದು ಮಾತ್ರೆ ಹೊಂದಿತು ಅಂತ ಮನೆಯ ಔಷಧಿ ಡಬ್ಬಿಗೆ ಕೈ ಹಾಕಬೇಡಿ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್, ಮೈಕೈ ನೋವಿನ ಐಬುಪ್ರೊಫೇನ್ ನಾಯಿಗೆ ವಿಷವಾಗಬಹುದು. ಪ್ರೀತಿಯಿಂದಲೇ ಕೊಟ್ಟು ಕಳೆದುಕೊಂಡವರಿದ್ದಾರೆ.)

ಇನ್ನು ಕಿಡ್ನಿ. ಇದೇ ನನ್ನನ್ನು ಹೈರಾಣ ಮಾಡಿದ್ದು. ಹೃದಯ ಹೇಳುತ್ತದೆ: ನೀರು ತೆಗಿ, ತಡೆಯೋಕಾಗಲ್ಲ. ಕಿಡ್ನಿ ಹೇಳುತ್ತದೆ: ನೀರು ಕೊಡು, ಒಣಗ್ತಿದೀನಿ. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಪೆಟ್ಟು. ಫ್ಯೂರೋಸೆಮೈಡ್ ಅರ್ಧ ಮಾತ್ರೆ ಜಾಸ್ತಿ ಮಾಡಿದರೆ ಉಸಿರು 24ಕ್ಕೆ ಇಳಿಯುತ್ತದೆ, ಆದರೆ ಮುಂದಿನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತಷ್ಟೂ ರಕ್ತದಲ್ಲಿ ಉಳಿಯುವ ಕಸ, ಏರಿರುತ್ತದೆ, ಅವನು ತುಟಿ ನೆಕ್ಕುತ್ತಾ ಊಟದ ಮುಂದೆ ಮುಖ ತಿರುಗಿಸುತ್ತಾನೆ. ತುಟಿ ನೆಕ್ಕುವುದು ಓಕರಿಕೆಯ ಗುರುತು ಅಂತ ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಹಸಿವಾಗಿದೆ ಅಂದುಕೊಂಡಿದ್ದೆ. ಹಸಿವಾಗಿದೆ ಅಂತ ಇನ್ನಷ್ಟು ಮುಂದೆ ತಳ್ಳುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಡಾಕ್ಟರು ಇಲ್ಲದ ದಿನ ಬೇರೊಬ್ಬರ ಹತ್ತಿರ ಹೋಗಿದ್ದೆ. ಅವರು ಫೈಲ್ ತಿರುವಿ ಹಾಕಿ, “ಇಷ್ಟು ವಯಸ್ಸಾದ ನಾಯಿಗೆ ಇಷ್ಟೆಲ್ಲ ಯಾಕೆ?” ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಟ್ಟೆ, ಒಂದಕ್ಕಿಂತ ಒಂದು ಖಾರವಾಗಿ. ರಾತ್ರಿ ಎಣಿಸುತ್ತಾ ಕೂತಾಗ ಅನ್ನಿಸಿತು, ಪ್ರಶ್ನೆ ತಪ್ಪಲ್ಲ, ಕೇಳಿದ ಧಾಟಿ ಮಾತ್ರ ತಪ್ಪು. ಅವನನ್ನು ಗುಣ ಮಾಡುತ್ತೇನೆ ಅಂತ ನಾನೇನೂ ಹೊರಟಿರಲಿಲ್ಲ. ಗುಣ ಆಗುವ ಕಾಯಿಲೆ ಅಲ್ಲ ಅಂತ ಮೊದಲ ದಿನವೇ ಗೊತ್ತಿತ್ತು. ಹಾಗಾದರೆ ನನ್ನ ಕೆಲಸ ಏನು? ನೋಡುವುದು. ತುಟಿ ನೆಕ್ಕಿದ್ದು, ನೀರು ಜಾಸ್ತಿ ಕುಡಿದಿದ್ದು, ಮಲಗುವ ಮಗ್ಗುಲು ಬದಲಾಗಿದ್ದು, ವಸಡಿನ ಬಣ್ಣ ಗುಲಾಬಿಯೋ ಬಿಳಚೋ ಅನ್ನುವುದು. ನೋಡಿ, ಬರೆದು, ಸಕಾಲಕ್ಕೆ ಹೇಳುವುದು. ದೊಡ್ಡ ತ್ಯಾಗ ಮಾಡುತ್ತಿದ್ದೀರಿ ಅಂತ ಯಾರಾದರೂ ಹೊಗಳಿದರೆ ನನಗೆ ಮುಜುಗರ. ಕಾವಲುಗಾರನ ಕೆಲಸ ಇದು, ಅದೂ ಜಾಸ್ತಿ ಹೊತ್ತು ಕೂತೇ ಮಾಡುವಂಥದ್ದು.

ನಾನು ಫಾಸ್ಟರ್, ಅಂದರೆ ಬೇರೆ ಮನೆ ಸಿಗುವವರೆಗೆ ಮಾತ್ರ ಸಾಕುವವಳು. ಹಾಗಂದ ಮೇಲೆ ದತ್ತು ಕೇಳಿಕೊಂಡು ಯಾರಾದರೂ ಬರಬೇಕು. ಏಳು ತಿಂಗಳಲ್ಲಿ ಒಂದೇ ಒಂದು ಕುಟುಂಬ ಬಂತು. ಯಜಮಾನ ಅವರಿಗೂ ಕೈ ಕೊಟ್ಟ, ಅವರ ಹುಡುಗಿ ಕರಗಿಹೋದಳು. ಅವಳ ಅಪ್ಪ ಮೆಲ್ಲಗೆ ಕೇಳಿದರು, “ಇನ್ನೆಷ್ಟು ವರ್ಷ ಇರಬಹುದು?” ವರ್ಷದ ಲೆಕ್ಕ ಇಲ್ಲ ಅಂದೆ. ಕ್ಯಾಲೆಂಡರ್ ತೋರಿಸಿದೆ. ಅವರು ಒಳ್ಳೆಯವರೇ, ಆದರೆ ಆ ಅಂಕಿಗಳನ್ನು ನೋಡಿ ಸುಮ್ಮನಾದರು. ಅವರು ಹೋದ ಮೇಲೆ ನನಗೆ ಬೇಜಾರಾಗಬೇಕಿತ್ತು. ನಿರಾಳವಾಯಿತು. ನಾನೇನಾದರೂ ಬೇಕಂತಲೇ ಹೆದರಿಸಿದೆನಾ ಅಂತ ಇವತ್ತಿಗೂ ಅನುಮಾನ ಇದೆ.

ಐದನೇ ತಿಂಗಳ ಒಂದು ರಾತ್ರಿ 44.

ಮತ್ತೆ ಎಣಿಸಲಿಲ್ಲ. ಅವನು ಮಲಗಿರಲೇ ಇಲ್ಲ ಅಂತ ಆಮೇಲೆ ಹೊಳೆಯಿತು. ಕೂತಿದ್ದ, ಮುಂಗಾಲುಗಳ ಮೊಣಕೈ ಹೊರಗೆ ಚಾಚಿ, ಕತ್ತು ಮುಂದಕ್ಕೆ ನೀಡಿ. ಒರಗಿದರೆ ಉಸಿರು ಸಿಗದವರು ಹೀಗೇ ಕೂರುವುದು. ನಾಲಿಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಆಸ್ಪತ್ರೆಯಲ್ಲಿ ಆಮ್ಲಜನಕ, ಫ್ಯೂರೋಸೆಮೈಡ್ ಇಂಜೆಕ್ಷನ್, ಕಾಯುವುದು. ಬೆಳಗಿನ ಹೊತ್ತಿಗೆ 32. ಮೂರನೇ ದಿನ ಮನೆಗೆ ಬಂದ. ನೇರ ಅಮ್ಮನ ಕುರ್ಚಿಯ ಮುಂದೆ ಹೋಗಿ ನಿಂತ.

ಈ ಸಲ ಸಿಕ್ಕ ಸಮಯ ಎಷ್ಟು ದಿನದ್ದು ಅಂತ ಹೇಳಲಾಗುವುದಿಲ್ಲ, ಈಗಲೇ ಯೋಚನೆ ಮಾಡಿಕೊಳ್ಳಿ ಅಂತ ಡಾಕ್ಟರು ಒಂದು ಹಾಳೆ ಕೊಟ್ಟರು. ಆಲಿಸ್ ವಿಲ್ಲಾಲೋಬೋಸ್ ಅನ್ನುವ ಪಶುವೈದ್ಯೆ ಮಾಡಿದ ಅಳತೆಪಟ್ಟಿ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಜಾಸ್ತಿಯಿದೆಯಾ ಅನ್ನುವುದು. ಏಳಕ್ಕೂ ಹತ್ತು ಹತ್ತು ಅಂಕ. ಒಟ್ಟು 35 ದಾಟಿದರೆ ಮುಂದುವರಿಯಬಹುದು. ಒಳ್ಳೆಯ ಪಟ್ಟಿ. ಆದರೆ ಅಂಕ ಹಾಕುವವಳು ನಾನು! ಖುಷಿಗೆ ಐದು ಹಾಕಬೇಕಾದ ಕಡೆ, ಬಾಲ ಒಂದು ಸಲ ಆಡಿತು ಅಂತ ಏಳು ಹಾಕುತ್ತಿದ್ದೆ. ಫೇಲ್ ಆಗುವ ಹುಡುಗನನ್ನು ಹೇಗಾದರೂ ಪಾಸ್ ಮಾಡಿಸುವ ಮೇಷ್ಟ್ರ ಹಾಗೆ. ಆರನೇ ತಿಂಗಳಿನುದ್ದಕ್ಕೂ ಅವನಿಗೆ 36, 37 ಬರುತ್ತಲೇ ಇತ್ತು.

ಅಮ್ಮನ ಪಟ್ಟಿ ಚಿಕ್ಕದು. “ಮೂರು ನೋಡು ಕಣೇ. ನನ್ನ ಕೋಲಿಗೆ ತಲೆ ಎತ್ತುತ್ತಾರಾ? ಬಿಸಿಲು ಬಿದ್ದ ಕಡೆ ಹಾಸಿಗೆ ಹುಡುಕಿಕೊಂಡು ಹೋಗ್ತಾರಾ? ಕೈ ಕೊಡ್ತಾರಾ? ಮೂರರಲ್ಲಿ ಎರಡು ಹೋದರೆ ನನಗೆ ಸುಳ್ಳು ಹೇಳ್ಬೇಡ.”

ಬಿಸಿಲು ಮೊದಲು ಹೋಯಿತು. ಬಿಟ್ಟಲ್ಲೇ ಬಿದ್ದಿರುತ್ತಿದ್ದ, ಬಿಸಿಲು ಪಕ್ಕಕ್ಕೆ ಸರಿದು ಹೋಗುತ್ತಿತ್ತು. ನಾವೇ ಹಾಸಿಗೆ ಎಳೆದು ಅದರ ಹಿಂದೆ ಹೋಗತೊಡಗಿದೆವು. ಒಂದು ವಾರ ಕಳೆದ ಮೇಲೆ ಒಂದು ಸಂಜೆ ಅಮ್ಮ ಕೋಲು ತಟ್ಟಿದಳು. ಟಕ್ ಟಕ್. ಇನ್ನೊಮ್ಮೆ, ಜೋರಾಗಿ. ಕಣ್ಣು ತೆರೆದೇ ಇತ್ತು. ತಲೆ ಏಳಲಿಲ್ಲ. ಅಮ್ಮ ನನ್ನ ಮುಖ ನೋಡಲಿಲ್ಲ, ನೋಡಿದ್ದರೆ ನಾನು ಏನಾದರೂ ಸಬೂಬು ಹೇಳುತ್ತಿದ್ದೆ.

ಕಾಗದದ ಮೇಲೆ ಅವನು ನನ್ನವನಲ್ಲ. ನಿರ್ಧಾರ ಗುಂಪಿನವರದ್ದು. ಬೆಳಗ್ಗೆ ಆರಕ್ಕೆ ಫೋನ್ ಮಾಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ದಿನಾ ನೋಡಿದವರು ನೀವು. ನೀವು ಹೇಗೆ ಹೇಳ್ತೀರೋ ಹಾಗೆ.” ನಿರ್ಧಾರವನ್ನು ಬೇರೆಯವರ ಕೈಗೆ ಕೊಟ್ಟು ಅಳುವ ಆಸೆ ಇತ್ತು ನನಗೆ. ಅದು ಸಿಗಲಿಲ್ಲ. ಅಮ್ಮ ಮೊದಲ ದಿನ ಕೇಳಿದ ಪ್ರಶ್ನೆ ಅಲ್ಲೇ ನಿಂತಿತ್ತು. ಅವನು ಹೇಳಿಯಾಗಿತ್ತು. ನಾನು ಹೇಳಬೇಕಿತ್ತು.

ಡಾಕ್ಟರು ಮನೆಗೇ ಬಂದರು. ಏನೇನಾಗುತ್ತದೆ ಅಂತ ಮೊದಲೇ ಹೇಳಿದರು, ಅದು ಎಷ್ಟು ದೊಡ್ಡ ಉಪಕಾರ ಅಂತ ಆಮೇಲೆ ಗೊತ್ತಾಯಿತು. ಮೊದಲು ಕಾಲಿನ ನರಕ್ಕೆ ಸೂಜಿ ಕೂರಿಸುವುದು, ಆಮೇಲೆ ಮಂಪರಿನ ಔಷಧಿ, ನಿದ್ದೆ ಗಾಢವಾದ ಮೇಲೆ ಕೊನೆಯ ಇಂಜೆಕ್ಷನ್. ಅದೂ ಅರಿವಳಿಕೆಯ ಜಾತಿಯ ಔಷಧಿಯೇ, ಪ್ರಮಾಣ ಮಾತ್ರ ಜಾಸ್ತಿ. ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಹೃದಯ ನಿಂತ ಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಆಗಬಹುದು, ಹೆದರಬೇಡಿ, ಅದು ಅವನಲ್ಲ.

ಅವನು ಅಮ್ಮನ ಕುರ್ಚಿಯ ಪಕ್ಕ ಹಾಸಿಗೆಯ ಮೇಲೆ, ಎದೆ ಊರಿ ಮಲಗಿದ್ದ. ಎರಡು ದಿನದಿಂದ ಏನೂ ತಿಂದಿರಲಿಲ್ಲ. ಡಾಕ್ಟರು ಅವನ ಮುಂದೆ ನೆಲದ ಮೇಲೆ ಕೂತು, ಮುಂಗಾಲಿನ ಕೂದಲು ತೆಗೆಯುವುದಕ್ಕೆ ಅಂತ ಕೈ ಚಾಚಿದರು. ಯಜಮಾನ ಆ ಕೈಯನ್ನು ನೋಡಿದ. ಬಲಗಾಲನ್ನು ಎತ್ತಿದ. ಗಾಳಿಯಲ್ಲಿ ಹಿಡಿಯುವಷ್ಟು ಬಲ ಇರಲಿಲ್ಲ, ಅವರ ಅಂಗೈ ಮೇಲೆ ಇಟ್ಟ.

ಡಾಕ್ಟರು ಸ್ವಲ್ಪ ಹೊತ್ತು ಏನೂ ಮಾಡಲಿಲ್ಲ. ಆಮೇಲೆ ಕೈ ಕುಲುಕಿದರು, ಎರಡು ಸಲ. ಅಮ್ಮ ಊರುಗೋಲನ್ನು ಗೋಡೆಗೆ ಒರಗಿಸಿ, ಕಷ್ಟಪಟ್ಟು ಕೆಳಗೆ ಕೂತು, ಅವನ ಕತ್ತಿನ ಮೇಲೆ ಕೈ ಇಟ್ಟಳು. ನಾನು ಅಭ್ಯಾಸಬಲದಿಂದ ಎಣಿಸುತ್ತಿದ್ದೆ.

ಉಳಿದ ಮಾತ್ರೆಗಳನ್ನು ತೆಗೆದುಕೊಂಡು ಹೋಗಲು ಮುಂದಿನ ವಾರ ಗುಂಪಿನಿಂದ ಒಬ್ಬಳು ಹುಡುಗಿ ಬಂದಳು. ಇದೇ ಕಾಯಿಲೆಯ ಇನ್ನೊಂದು ನಾಯಿ ಬಂದಿದೆಯಂತೆ, ಡಾಕ್ಟರಿಗೆ ತೋರಿಸಿಯೇ ಕೊಡುತ್ತಾರಂತೆ. ತೆರೆಯದ ಸ್ಟ್ರಿಪ್‌ಗಳು, ಹಾಸಿಗೆ, ಯೋಗ ಮ್ಯಾಟ್ ಎಲ್ಲ ಕಟ್ಟಿಕೊಟ್ಟೆ. ಮಾತ್ರೆ ಅರ್ಧ ಮಾಡುವ ಸಣ್ಣ ಡಬ್ಬಿಯೂ ಆ ಚೀಲದಲ್ಲಿತ್ತು. ಅಮ್ಮ ಬಂದು ಅದನ್ನು ಮಾತ್ರ ತೆಗೆದಿಟ್ಟುಕೊಂಡಳು. ಅವಳ ನೀರಿನ ಮಾತ್ರೆಯನ್ನು ಅರ್ಧ ಮಾಡಿದ್ದಾರೆ, ಬೇಕಂತೆ.